ವಿಮಾನಕ್ಕೆ ಮೊದಲು ಸರಕು ಹೋಗುವುದು ನಮ್ಮ ರಸ್ತೆಯ ಮೇಲೆ

ಶಿವಮೊಗ್ಗದ ಹತ್ತಿರ ಸೊಗಾನೆಯಲ್ಲಿ ವಿಮಾನ ನಿಲ್ದಾಣ ಆಗಿರುವುದು ನಿಮಗೆಲ್ಲ ಗೊತ್ತು. 2008ರಲ್ಲಿ ಅಡಿಗಲ್ಲು ಹಾಕಿದರು. ನಡುವೆ ಕೆಲಸ ನಿಂತಿತು. 2020ರಲ್ಲಿ ಮತ್ತೆ ಹಿಡಿದು, 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯ್ತು. ಖರ್ಚು ಸುಮಾರು 450 ಕೋಟಿ ರೂಪಾಯಿ. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಇಷ್ಟುದ್ದದ ರನ್‌ವೇ ಇರುವಾಗ ದೊಡ್ಡ ಸರಕು ವಿಮಾನವೂ ಬರಲಿ, ಮಲೆನಾಡಿನ ಬೆಳೆ ಇಲ್ಲಿಂದಲೇ ಹಾರಲಿ ಅನ್ನುವ ಮಾತು ಸೊಸೈಟಿ ಕಟ್ಟೆಯಲ್ಲಿ, ಮಂಡಿಯಲ್ಲಿ, ಮದುವೆ ಮನೆಯಲ್ಲಿ ಕೇಳಿಬರ್ತಾ ಇದೆ.

ಬರಲಿ. ಬೇಡ ಅನ್ನುವವನು ನಾನಲ್ಲ. ಆದರೆ ಈ ಮಾತು ಬಂದಾಗಲೆಲ್ಲ ಎಲ್ಲರೂ ತಲೆ ಎತ್ತಿ ಆಕಾಶ ನೋಡ್ತಾರೆ. ಸಾಗರದಿಂದ ಹೊರಟ ಸರಕು ಆಕಾಶಕ್ಕೆ ಏರುವ ಮುಂಚೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೆ ಹೋಗಬೇಕಲ್ಲ. ಆ ರಸ್ತೆ ಎಷ್ಟು ಅಗಲ ಇದೆ, ಅದರ ಮೇಲೆ ಈಗ ಯಾರು ಓಡಾಡ್ತಾ ಇದ್ದಾರೆ, ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ಅದಕ್ಕೇ ಈ ಬರಹ.

ನನ್ನದು ಆನಂದಪುರ ಹೋಬಳಿಯಲ್ಲಿ ಖುಷ್ಕಿ ಬೇಸಾಯ. ಮಲೆನಾಡು ಅಂದ ಕೂಡಲೇ ಎಲ್ಲರಿಗೂ ಅಡಿಕೆ ತೋಟ, ಹರಿಯುವ ಹಳ್ಳ ಕಣ್ಣಿಗೆ ಬರ್ತದೆ. ಸಾಗರ ತಾಲ್ಲೂಕಿನ ಮೂಡಲ ಭಾಗ ಹಾಗಿಲ್ಲ. ಮಳೆ ಬಂದರೆ ಬೆಳೆ. ಮೆಕ್ಕೆಜೋಳ, ಮಳೆಯಾಶ್ರಯದ ಭತ್ತ, ಧೈರ್ಯ ಬಂದ ವರ್ಷ ಒಂದಿಷ್ಟು ಶುಂಠಿ. ಇಷ್ಟೇ.

ಯಾವ ಸರಕು ಹಾರುತ್ತದೆ?

ಮೊದಲು ಇದನ್ನು ಬಿಡಿಸಿಕೊಳ್ಳಬೇಕು. ವಿಮಾನದಲ್ಲಿ ಹೋಗುವ ಮಾಲಿಗೆ ಮೂರು ಗುಣ ಬೇಕು. ತೂಕ ಕಡಿಮೆ ಇರಬೇಕು, ಬೆಲೆ ಜಾಸ್ತಿ ಇರಬೇಕು, ಬೇಗ ಹಾಳಾಗುವಂಥದ್ದಾಗಿರಬೇಕು. ಜೋಳಕ್ಕೆ ಮೂರೂ ಇಲ್ಲ. ಒಣ ಅಡಿಕೆಗೆ ಬೆಲೆ ಇದೆ, ಅವಸರ ಇಲ್ಲ. ಶುಂಠಿ ಲಾರಿಯಲ್ಲೇ ಉತ್ತರ ಹಿಂದೂಸ್ಥಾನ ಮುಟ್ಟುತ್ತದೆ. ಬನವಾಸಿ ಕಡೆಯ ಅನಾನಸು ಡೆಲ್ಲಿಗೆ ಹೋಗುವುದೂ ಲಾರಿಯಲ್ಲೇ.

ಹಾರುವ ಬೆಳೆ ನೋಡಬೇಕಾದರೆ ಘಟ್ಟದ ಕೆಳಗೆ ಉಡುಪಿ ಹತ್ತಿರದ ಶಂಕರಪುರಕ್ಕೆ ಹೋಗಬೇಕು. ಅಲ್ಲಿಯ ಮಲ್ಲಿಗೆ ಮಂಗಳೂರಿನಿಂದ ವಿಮಾನದಲ್ಲಿ ಮುಂಬಯಿಗೆ, ಗಲ್ಫಿಗೆ ಹೋಗ್ತದೆ. ಬೆಳಿಗ್ಗೆ ಕೊಯ್ದು, ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಕಟ್ಟೆಗೆ ತರ್ತಾರೆ. ಹತ್ತು ಗಿಡ ಇದ್ದವರೂ ಬೆಳೀತಾರೆ, ನೂರು ಗಿಡ ಇದ್ದವರೂ ಬೆಳೀತಾರೆ. ನಾನು ಗಮನಿಸಿದ್ದು ಅದು ಬರುವ ರೀತಿ. ಯಾರೂ ಲಾರಿಯಲ್ಲಿ ತರೋದಿಲ್ಲ. ಸೈಕಲ್ಲು, ಸ್ಕೂಟರು, ರಿಕ್ಷಾ, ಬಸ್ಸು. ಸಣ್ಣ ಸಣ್ಣ ಕಟ್ಟು, ಎಲ್ಲರಿಗೂ ಒಂದೇ ಹೊತ್ತು, ಎಲ್ಲರಿಗೂ ಅವಸರ. ವಿಮಾನದ ಸರಕು ರಸ್ತೆಯ ಮೇಲೆ ಹೇಗೆ ಕಾಣ್ತದೆ ಅನ್ನುವುದಕ್ಕೆ ಇದು ಒಳ್ಳೆ ಮಾದರಿ.

ರೈತರ ಮಾಲು ವಿಮಾನದಲ್ಲಿ ಸಾಗಿಸಲು ಕೇಂದ್ರ ಸರ್ಕಾರ 2020ರ ಬಜೆಟ್ಟಿನಲ್ಲಿ ಕೃಷಿ ಉಡಾನ್ ಅಂತ ಯೋಜನೆ ಹೇಳಿತು. 2021ರ ಅಕ್ಟೋಬರಿನಲ್ಲಿ ಅದರ ಎರಡನೇ ರೂಪ ಬಂತು. ಒಳ್ಳೆಯದೇ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲೂ ಹೂವು, ತರಕಾರಿ ಬೆಳೆದು ಹಾರಿಸುವವರು ನಾಳೆ ಬರಬಹುದು. ಅವರ ಮಾಲೂ ಹೀಗೇ, ಸಣ್ಣ ಪಿಕಪ್ಪುಗಳಲ್ಲಿ, ಗಡಿಯಾರ ನೋಡಿಕೊಂಡು ಓಡ್ತದೆ.

ಒಂದು ವಿಮಾನಕ್ಕೆ ಎಷ್ಟು ಗಾಡಿ?

ನಾನು ಓದಿದ್ದು ಏಳನೇ ಕ್ಲಾಸು. ಗುಣಾಕಾರ ಭಾಗಾಕಾರ ಬರ್ತದೆ, ಈ ಲೆಕ್ಕಕ್ಕೆ ಅಷ್ಟು ಸಾಕು.

ಬೋಯಿಂಗ್ 737 ಜಾತಿಯ ಸರಕು ವಿಮಾನ ಸುಮಾರು 20 ಟನ್ ಹೊರುತ್ತದೆ. ಒಂದು ಪಿಕಪ್ಪಿನಲ್ಲಿ ಹಗುರದ ಮಾಲು ಒಂದು ಟನ್ ಅಂತ ಹಿಡಿಯಿರಿ. 20 ಪಿಕಪ್ಪು ಆಯ್ತು. ಹೋಗಿ ಬಂದು 40 ಸಲ. ಬೋಯಿಂಗ್ 777 ಸರಕು ವಿಮಾನವಾದರೆ ಸುಮಾರು 100 ಟನ್. ಆಗ ಹೋಗಿಬರುವ ಓಡಾಟ 200.

ಇನ್ನು ದೊಡ್ಡ ನಿಲ್ದಾಣದ ಲೆಕ್ಕ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ 2024-25ರಲ್ಲಿ 5 ಲಕ್ಷ ಟನ್ನಿಗೂ ಸ್ವಲ್ಪ ಹೆಚ್ಚು ಸರಕು ಸಾಗಿದೆ. 365ರಿಂದ ಭಾಗಿಸಿದರೆ ದಿನಕ್ಕೆ 1,370 ಟನ್. ಎರಡು ಟನ್ನಿನ ಗಾಡಿಗಳಾದರೆ 685, ಹೋಗಿ ಬಂದು 1,370 ಓಡಾಟ. ಕೇಳಿದರೆ ಬಹಳ ಅನಿಸ್ತದೆ.

ಈಗ ಜನರ ಲೆಕ್ಕ ನೋಡಿ. ಅದೇ ವರ್ಷ ಅಲ್ಲಿ ಓಡಾಡಿದ ಪ್ರಯಾಣಿಕರು 4 ಕೋಟಿ 18 ಲಕ್ಷದ ಹತ್ತಿರ. ದಿನಕ್ಕೆ 1 ಲಕ್ಷ 14 ಸಾವಿರ ಜನ. ಇಬ್ಬರಿಗೊಂದು ಕಾರು ಅಂದರೆ 57 ಸಾವಿರ ಕಾರು. ಬಸ್ಸಿನಲ್ಲಿ ಬರುವವರು, ಒಂದು ವಿಮಾನ ಇಳಿದು ಇನ್ನೊಂದು ಹತ್ತಿ ಹೋಗುವವರು ಇರ್ತಾರೆ, ಅರ್ಧ ಕಳೆಯೋಣ. ಆದರೂ 28 ಸಾವಿರ. ಅದರ ಮುಂದೆ ಸರಕಿನ ಗಾಡಿ ಎಲ್ಲಿ ಲೆಕ್ಕ?

ಹಾಗಾದರೆ ಸರಕು ವಿಮಾನದಿಂದ ರಸ್ತೆಗೆ ತೊಂದರೆಯೇ ಇಲ್ಲ ಅಂತ ಹೇಳಬಹುದು. ಕೆಲವರು ಹಾಗೆ ಹೇಳ್ತಾರೆ ಕೂಡ. ಇಲ್ಲಿ ಎರಡು ವಿಷಯ ಬಿಟ್ಟುಹೋಗ್ತದೆ. ಒಂದು, ಆ 1,370 ಓಡಾಟ ದಿನವಿಡೀ ಹಂಚಿಹೋಗೋದಿಲ್ಲ. ವಿಮಾನದ ಹೊತ್ತಿಗೆ ಸರಿಯಾಗಿ ಒಟ್ಟಿಗೆ ಬರ್ತದೆ. ಇನ್ನೊಂದು, ನಿಲ್ದಾಣ ಅಂದ ಮೇಲೆ ಅದು ಒಂದೇ ಬರೋದಿಲ್ಲ. ಗೋದಾಮು, ತಂಪು ಮನೆ, ಲಾರಿ ನಿಲ್ಲುವ ಜಾಗ, ಹೋಟೆಲು, ಲೇಔಟು ಬೆನ್ನಿಗೇ ಬರ್ತವೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನ ಉದ್ಯಮದ ಪಾರ್ಕಿಗೆಂದು 1,777 ಎಕರೆ ಜಮೀನಿಗೆ ಕೈ ಹಾಕಿದ್ದರು. ಅಲ್ಲಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ನಿಲ್ದಾಣ ಶುರುವಾಗಿ 17 ವರ್ಷದ ಮೇಲಿನ ಕಥೆ ಇದು.

ರಸ್ತೆಯ ವಿಷಯದಲ್ಲೂ ದೇವನಹಳ್ಳಿ ನಮಗೆ ಪಾಠವೇ. ನಿಲ್ದಾಣ ಶುರುವಾದದ್ದು 2008ರ ಮೇ 24ಕ್ಕೆ. ಹೋಗಲು ಮುಖ್ಯವಾಗಿ ಇದ್ದದ್ದು ಬಳ್ಳಾರಿ ರಸ್ತೆ ಒಂದೇ. ಹೆಬ್ಬಾಳದಿಂದ ಮೇಲುರಸ್ತೆ ತೆರೆದದ್ದು 2014ರಲ್ಲಿ. ಆ ಆರು ವರ್ಷ ದಾರಿಯ ಹಳ್ಳಿಯವರು ರಸ್ತೆ ದಾಟಿದ್ದು ಹೇಗೆ ಅಂತ ಅವರನ್ನೇ ಕೇಳಬೇಕು.

ಬಿ.ಹೆಚ್. ರೋಡು ನಮ್ಮ ಕಣ ಕೂಡ

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರು-ಹೊನ್ನಾವರ ರಸ್ತೆಗೆ ನಮ್ಮಲ್ಲಿ ಬಿ.ಹೆಚ್. ರೋಡು ಅಂತಲೇ ಹೆಸರು. ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರ ಎಲ್ಲಾ ಪೇಟೆಯ ನಡುವೆಯೂ ಇದೇ ರೋಡು. ಸೊಗಾನೆ ಇರುವುದು ಶಿವಮೊಗ್ಗ ದಾಟಿ ಭದ್ರಾವತಿ ಕಡೆಗೆ. ಹಾಗಾಗಿ ಸಾಗರದ ಕಡೆಯ ಗಾಡಿ ಆಯನೂರು ದಾಟಿ, ಶಿವಮೊಗ್ಗ ಪೇಟೆ ದಾಟಿ, ತುಂಗೆ ದಾಟಿ ಆಮೇಲೆ ವಿಮಾನದ ಹತ್ತಿರ ಹೋಗಬೇಕು. ಆನಂದಪುರದಲ್ಲಿ ಇದಕ್ಕೆ ಅಡ್ಡಲಾಗಿ ಶಿಕಾರಿಪುರದಿಂದ ಹೊಸನಗರ, ಕೊಲ್ಲೂರಿಗೆ ಹೋಗುವ ಹೆದ್ದಾರಿಯೂ ಸೇರ್ತದೆ. ಜೋಳದ ಕಾಲದಲ್ಲಿ ಆ ಸರ್ಕಲ್ಲಿನಲ್ಲಿ ಟ್ರಾಕ್ಟರು, ಲಾರಿ, ಕೊಲ್ಲೂರು ಯಾತ್ರೆಯ ಬಸ್ಸು, ಜೋಗ ನೋಡಲು ಬಂದ ಕಾರು ಎಲ್ಲ ಒಂದಕ್ಕೊಂದು ಮೂತಿ ಇಟ್ಟುಕೊಂಡು ನಿಂತಿರ್ತವೆ.

ಇದು ಬರೀ ಓಡಾಡುವ ರೋಡಲ್ಲ. ದನ ದಾಟುವುದು ಇದರ ಮೇಲೆ. ಹುಲ್ಲಿನ ಗಾಡಿ ಹೋಗುವುದು ಇದರ ಮೇಲೆ. ಹೈಸ್ಕೂಲು ಮಕ್ಕಳು ಬಸ್ಸಿಗೆ ನಿಲ್ಲುವುದು ಇದರ ಅಂಚಿನಲ್ಲಿ. ಇನ್ನೊಂದು ಇದೆ. ನವೆಂಬರ್, ಡಿಸೆಂಬರಿನಲ್ಲಿ ಬಂದು ನೋಡಿ, ಡಾಂಬರಿನ ಒಂದು ಬದಿಗೆ ಜೋಳ ಹರವಿರ್ತಾರೆ, ಅಂಚಿಗೆ ಕಲ್ಲು ಇಟ್ಟಿರ್ತಾರೆ. ಕಾನೂನಿನ ಪ್ರಕಾರ ಇದು ತಪ್ಪು, ರಾತ್ರಿ ಬೈಕಿನವರು ಆ ಕಲ್ಲಿಗೆ ತಾಗಿ ಬೀಳುವುದೂ ಉಂಟು. ಯಾಕೆ ಹರವುತ್ತಾರೆ ಅಂದರೆ ಎರಡು ಎಕರೆಯವನಿಗೆ ಸಿಮೆಂಟಿನ ಕಣ ಇಲ್ಲ. ಮಣ್ಣಿನ ಮೇಲೆ ಒಣಗಿಸಿದರೆ ಮಣ್ಣು ಸೇರಿತು ಅಂತ ಮಂಡಿಯಲ್ಲಿ ರೇಟು ಇಳಿಸ್ತಾರೆ, ಹಸಿ ಕೊಟ್ಟರೆ ತೂಕದಲ್ಲಿ ಮುರೀತಾರೆ. ನಾಳೆ ರಸ್ತೆ ಅಗಲ ಆಗಿ ಗಾಡಿ ಜಾಸ್ತಿಯಾದರೆ ಮೊದಲು ಹೋಗುವುದು ಈ ಕಣ. ಹೋಗಲೇಬೇಕು, ಜೀವಕ್ಕಿಂತ ಜೋಳ ದೊಡ್ಡದಲ್ಲ. ಆದರೆ ಬದಲಿಗೆ ಒಕ್ಕಣೆಗೆ ಜಾಗ ಎಲ್ಲಿ ಅಂತ ರಸ್ತೆಯ ನಕ್ಷೆ ಬರೆಯುವ ಮೊದಲೇ ಹೇಳಬೇಕಾದವರು ನಾವು. ಉದ್ಯೋಗ ಖಾತರಿಯ ದುಡ್ಡಿನಲ್ಲಿ ಅಲ್ಲಲ್ಲಿ ಒಕ್ಕಣೆ ಕಣ ಮಾಡಿದ್ದುಂಟು. ಹೆದ್ದಾರಿ ಅಗಲ ಮಾಡುವಾಗಲೇ ಊರಿಗೊಂದು ಇಂಥ ಕಣ ಸೇರಿಸಿದರೆ ಆಗುವ ಖರ್ಚು ಎಷ್ಟು ಮಹಾ!

ಸೇತುವೆ ಆದ ಮೇಲೆ

ಒಂದು ಕಡೆ ಅಡ್ಡಿ ತೆಗೆದರೆ ಇನ್ನೊಂದು ಕಡೆ ಏನಾಗ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ದೇವನಹಳ್ಳಿಯ ಜಮೀನು ಬಿಟ್ಟುಕೊಟ್ಟ ಹಿಂದಿನ ದಿನವೇ. ಲಿಂಗನಮಕ್ಕಿ ಕಟ್ಟೆ ಆದ ಮೇಲೆ ತುಮರಿ ಕಡೆಯವರು ಅರವತ್ತು ವರ್ಷ ಲಾಂಚಿಗೆ ಕಾದರು. ಕಾಯಿಲೆಯವರನ್ನು ದಡದಲ್ಲಿ ಮಲಗಿಸಿಕೊಂಡು ಕಾದವರ ಕಷ್ಟ ನಮಗೆ ಗೊತ್ತು. ಆ ಸೇತುವೆ ಆಗಲೇಬೇಕಿತ್ತು.

ಆದರೆ ಲಾಂಚು ಇದ್ದಾಗ ಒಂದು ಸಲಕ್ಕೆ ನಾಲ್ಕಾರು ಗಾಡಿ ಮಾತ್ರ ಆಚೆ ಹೋಗುತ್ತಿದ್ದವು. ಲಾಂಚೇ ಅಲ್ಲಿಯ ರಸ್ತೆಗೆ ತೂಬಿನ ಹಾಗೆ ಇತ್ತು. ಈಗ ತೂಬು ಇಲ್ಲ. ಸಿಗಂದೂರಿಗೆ ಹೋಗುವ ಕಾರುಗಳು ಸಾಲಾಗಿ ಹರೀತವೆ. ಮೇಲಿನ ಗದ್ದೆಯ ಕಟ್ಟು ಕಡಿದು ನೀರು ಬಿಟ್ಟರೆ ಕೆಳಗಿನ ಕಾಲುವೆ ಅಗಲ ಇದೆಯೋ ಅಂತ ನೋಡಬೇಕಲ್ಲವೇ. ಸೇತುವೆಯ ಎರಡೂ ಬದಿಯ ಹಳ್ಳಿ ರಸ್ತೆಯ ತಿರುವುಗಳನ್ನು ನೋಡಿದರೆ ಆ ಮಾತು ನೆನಪಾಗ್ತದೆ.

ನನ್ನ ತಂಗಿಯನ್ನು ಕೊಟ್ಟಿರುವುದು ತೀರ್ಥಹಳ್ಳಿ ತಾಲ್ಲೂಕು ಕವಲೇದುರ್ಗದ ಕೆಳಗಿನ ಒಂದು ಹಳ್ಳಿಗೆ. ಅಲ್ಲಿಯ ಸಮಸ್ಯೆ ಬೇರೆ. ಕೆಳದಿ ಅರಸರ ಕಾಲದಲ್ಲಿ ಈ ಸೀಮೆಯ ಅಕ್ಕಿ, ಮೆಣಸು ಹೇರೆತ್ತಿನ ಮೇಲೆ ಘಟ್ಟ ಇಳಿದು ಬಸರೂರು, ಹೊನ್ನಾವರದ ಬಂದರಿಗೆ ಹೋಗುತ್ತಿತ್ತು. ಕೋಟೆಗೆ ಹತ್ತುವ ಕಲ್ಲು ಹಾಸಿನ ದಾರಿ ಈಗಲೂ ಗಟ್ಟಿಯಾಗಿದೆ. ಕೆಳಗಿನ ಡಾಂಬರು ರಸ್ತೆಯ ಮೋರಿ ಮಾತ್ರ ಆಷಾಢದಲ್ಲಿ ನಿಲ್ಲೋದಿಲ್ಲ. ಹೋದ ಮಳೆಗಾಲದಲ್ಲಿ ಹೋಗಿದ್ದಾಗ ವಿಮಾನದ ಮಾತು ತೆಗೆದೆ. ಭಾವ ನಕ್ಕರು. "ನಿಮ್ಮ ವಿಮಾನ ಬರ್ಲಿ ಭಾವಾ. ನಮ್ಗೆ ಸದ್ಯಕ್ಕೆ ಎರಡು ಮೋರಿ ಕೊಡ್ಸಿ, ಅಡಿಕೆ ತೀರ್ಥಳ್ಳಿ ತನಕ ಮುಟ್ಟಿದ್ರೆ ಸಾಕು" ಅಂದರು.

ನಕ್ಕು ಬಿಡುವ ಮಾತಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸ್ತಾರೆ. ಆಗ ಲಾರಿಗಳು ಮಾಸ್ತಿಕಟ್ಟೆ, ಹುಲಿಕಲ್ ಕಡೆ ತಿರುಗ್ತವೆ. ಒಂದು ರಸ್ತೆಯ ಭಾರ ಇನ್ನೊಂದರ ಮೇಲೆ ಬೀಳ್ತದೆ. ರಸ್ತೆ ಹಾಳಾಗುವ ಲೆಕ್ಕ ಒಂದು ಇದೆ. ಗಾಡಿಯ ಒಂದು ಆಕ್ಸಲ್ಲಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಹಗುರ ಗಾಡಿಗೆಂದು ಮಾಡಿದ ಹಳ್ಳಿ ರಸ್ತೆಯ ಮೇಲೆ ಹತ್ತು ಭಾರದ ಲಾರಿ ಹೋದರೆ ಏನಾಗಬಹುದು ನೀವೇ ಯೋಚಿಸಿ. ರಸ್ತೆ ಪಕ್ಕದಲ್ಲೇ ಶಿವಮೊಗ್ಗ-ತಾಳಗುಪ್ಪ ರೈಲು ದಾರಿ ಇದೆ. ಭಾರದ, ಅವಸರ ಇಲ್ಲದ ಮಾಲಿಗೆ ಅದು ಇದ್ದರೆ ಹೇಗೆ ಅನ್ನುವುದೂ ಇದೇ ಹೊತ್ತಿಗೆ ಕೇಳುವ ಪ್ರಶ್ನೆ.

ಎತ್ತಿನ ಗಾಡಿಗೆ ಎಂಟು ಕಾರು

ರಸ್ತೆ ಎಂಜಿನಿಯರುಗಳಿಗೆ ಗಾಡಿ ಎಣಿಸುವ ಒಂದು ಕ್ರಮ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹಳ್ಳಿಗಾಡಿನ ರಸ್ತೆಗಳಿಗೆಂದು ಕೊಟ್ಟದ್ದು. ಒಂದು ಕಾರು ಅಂದರೆ ಒಂದು. ಬೈಕು ಅರ್ಧ. ಪಿಕಪ್ಪಿನಂಥ ಸಣ್ಣ ಸರಕು ಗಾಡಿ ಒಂದೂವರೆ. ಬಸ್ಸು, ಲಾರಿ ಮೂರು. ಟ್ರೈಲರ್ ಕಟ್ಟಿದ ಟ್ರಾಕ್ಟರು ನಾಲ್ಕೂವರೆ. ಎತ್ತಿನ ಗಾಡಿ ಎಂಟು! ನಿಧಾನ ಹೋಗಿ ಹಿಂದಿನವರನ್ನು ತಡೆಯುವುದಕ್ಕೆ ಈ ಲೆಕ್ಕ. ನಮ್ಮ ಎತ್ತುಗಳಿಗೆ ಇಷ್ಟು ಬೆಲೆ ಕೊಟ್ಟವರು ಬೇರೆ ಯಾರೂ ಇಲ್ಲ.

ಇದರ ಪ್ರಕಾರ ಸಪಾಟು ನೆಲದಲ್ಲಿ ಒಂಟಿ ಪಥದ ರಸ್ತೆ, ಅಂದರೆ ಡಾಂಬರು 3.75 ಮೀಟರ್ ಅಗಲ ಇರುವುದು, ದಿನಕ್ಕೆ 2,000 ತಡೀತದೆ. ಐದೂವರೆ ಮೀಟರಿನದು 6,000. ಏಳು ಮೀಟರಿನ ಎರಡು ಪಥದ್ದು 15,000. ಗುಡ್ಡ, ತಿರುವು ಇದ್ದಲ್ಲಿ ಇನ್ನೂ ಕಡಿಮೆ.

ಉದಾಹರಣೆಗೆ ಒಂದು ಒಂಟಿ ರಸ್ತೆಯಲ್ಲಿ ದಿನಕ್ಕೆ 300 ಬೈಕು, 60 ಕಾರು, 40 ಟ್ರಾಕ್ಟರು, 40 ಬಸ್ಸು ಲಾರಿ ಹೋಗ್ತವೆ ಅನ್ನಿ. 150, 60, 180, 120, ಒಟ್ಟು 510. ಅದಕ್ಕೆ ವಿಮಾನದ ಪಿಕಪ್ಪು 40 ಓಡಾಟ ಸೇರಿಸಿದರೆ ಇನ್ನು 60. ಒಟ್ಟು 570. ಎರಡು ಸಾವಿರಕ್ಕೆ ಎಷ್ಟೋ ದೂರ. ಕಾಗದದ ಮೇಲೆ ರಸ್ತೆ ಖಾಲಿ ಇದೆ!

ಕಾಗದದಲ್ಲಿ ಕಾಣದ್ದು ಏನೆಂದರೆ, ಒಂಟಿ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಒಬ್ಬರು ಡಾಂಬರು ಬಿಟ್ಟು ಇಳಿಯಲೇಬೇಕು. ಬದಿ ಗಟ್ಟಿ ಇಲ್ಲದಿದ್ದರೆ ಇಳಿದವನು ಚರಂಡಿಗೆ. ಲೋಡು ಟ್ರಾಕ್ಟರು ಇಳಿಯಲಾರದು. ಹೊತ್ತಿಗೆ ಮುಟ್ಟಬೇಕಾದ ಪಿಕಪ್ಪಿನವನು ಕಾಯಲಾರ. ಆ 40 ಓಡಾಟವೂ ದಿನವಿಡೀ ಹಂಚಿಹೋಗೋದಿಲ್ಲ. ರಾತ್ರಿ ಹಾರುವ ವಿಮಾನವಾದರೆ ಸಂಜೆ ನಾಲ್ಕರಿಂದ ಆರರ ಒಳಗೆ ಎಲ್ಲ ಹೊರಡಬೇಕು. ಮಕ್ಕಳು ಶಾಲೆಯಿಂದ ಬರುವುದು, ದನ ಕೊಟ್ಟಿಗೆಗೆ ಬರುವುದು ಅದೇ ಎರಡು ತಾಸಿನಲ್ಲಿ. ಆದ್ದರಿಂದ ದಿನದ ಒಟ್ಟು ಲೆಕ್ಕ ಕೊಟ್ಟರೆ ನಾವು ಒಪ್ಪಬಾರದು, ತಾಸು ತಾಸಿನ ಲೆಕ್ಕ ಕೇಳಬೇಕು. ಎಣಿಕೆಯನ್ನು ಜೂನಿನಲ್ಲಿ ಮಾಡಿ ಮುಗಿಸಲು ಬಿಡಬಾರದು. ಜೋಳ, ಶುಂಠಿ, ಅಡಿಕೆ ಹೊರಡುವ ಕಾಲದಲ್ಲಿ ಆಗಬೇಕು.

ಕೇಳುವ ಹೊತ್ತು ಯಾವುದು?

ನಮ್ಮವರು ಜೆ.ಸಿ.ಬಿ. ಬಂದ ದಿನ ಎದುರು ನಿಲ್ತಾರೆ. ಅಷ್ಟು ಹೊತ್ತಿಗೆ ಕಾಗದದ ಕೆಲಸ ಎಲ್ಲ ಮುಗಿದಿರ್ತದೆ.

ಹೊಸದಾಗಿ ವಿಮಾನ ನಿಲ್ದಾಣ ಮಾಡುವುದಿದ್ದರೆ 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಸಾಮಾನ್ಯವಾಗಿ ಇರ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಪತ್ರಿಕೆಯಲ್ಲಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಯವರು ಕೂರ್ತಾರೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದರಲ್ಲಿ ರಸ್ತೆಯ ಪುಟ ತೆಗೆದು ನೋಡಿ. ಎಣಿಸಿದ್ದು ಯಾವ ತಿಂಗಳು, ಎಲ್ಲಿ ಕೂತು, ಎಷ್ಟು ದಿನ ಅಂತ ಕೇಳಿ.

ಹೆದ್ದಾರಿ ಅಗಲ ಮಾಡಲು ಜಮೀನು ಬೇಕಾದರೆ 1956ರ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಬರ್ತದೆ. ಅದರ ಸಾರ ಎರಡು ಪತ್ರಿಕೆಯಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದು. ತಕರಾರು ಬರವಣಿಗೆಯಲ್ಲಿ ಕೊಡಲು ಇರುವುದು 21 ದಿನ ಮಾತ್ರ. ಆ 21 ದಿನ ಶುರುವಾಗುವುದು ಅಧಿಸೂಚನೆ ಪ್ರಕಟವಾದ ದಿನದಿಂದ, ನಿಮ್ಮ ಕಣ್ಣಿಗೆ ಬಿದ್ದ ದಿನದಿಂದ ಅಲ್ಲ. ಗೋದಾಮು, ಕೈಗಾರಿಕೆಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಜಮೀನು ಹಿಡಿಯುವುದಾದರೆ 28(2) ನೋಟೀಸು, ಅದಕ್ಕೆ 30 ದಿನ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೋ ಅಜ್ಜನ ಹೆಸರೋ ಇರುವವರು ಈಗಲೇ ಖಾತೆ ಬದಲಾವಣೆ ಮಾಡಿಸಿಕೊಳ್ಳಿ. ನೋಟೀಸು ಸತ್ತವರ ಹೆಸರಿಗೆ ಬಂದರೆ ಆ ದಿನಗಳು ಹಾಗೇ ಕಳೀತವೆ.

ನಾವು ಕೆಲವರು ಕೂತು ಪಂಚಾಯ್ತಿಗೆ ಒಂದು ಅರ್ಜಿ ಬರೆದಿದ್ದೇವೆ. ಆನಂದಪುರ ಸರ್ಕಲ್ಲಿನಲ್ಲಿ ಮಕ್ಕಳು, ದನ ದಾಟಲು ವ್ಯವಸ್ಥೆ. ಅಗಲ ಮಾಡುವ ಕಡೆಯೆಲ್ಲ ಟ್ರಾಕ್ಟರಿಗೆ, ಗಾಡಿಗೆ ಬದಿ ರಸ್ತೆ, ಇಲ್ಲವಾದರೆ ಎದುರಿನ ಹೊಲಕ್ಕೆ ಹೋಗಲು ಎರಡು ಮೈಲಿ ಸುತ್ತಬೇಕಾಗ್ತದೆ. ಊರಿಗೊಂದು ಕಣ. ಸರಕು ಗಾಡಿಗಳು ಹಳ್ಳಿ ಒಳದಾರಿ ಹಿಡಿಯದ ಹಾಗೆ ತಡೆ. ಸಂಜೆ ನಾಲ್ಕರಿಂದ ಆರರವರೆಗೆ ಊರೊಳಗೆ ವೇಗಕ್ಕೆ ಮಿತಿ. ಭಾವನವರ ಹೇಳಿಕೆಯ ಮೇಲೆ ಮೋರಿಯನ್ನೂ ಸೇರಿಸಿದ್ದೇವೆ, ಅದು ನಮ್ಮ ಪಂಚಾಯ್ತಿಗೆ ಬರೋದಿಲ್ಲ ಅಂತ ಗೊತ್ತಿದ್ದರೂ.

ಅರ್ಜಿಯನ್ನು ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಬೇಕು ಅಂತ ಇದ್ದೇವೆ. ಅದಕ್ಕೆ ಗಾಡಿ ಎಣಿಕೆಯ ಹಾಳೆಯೂ ಲಗತ್ತಾಗಬೇಕು. ಗೆರೆ ಎಳೆದು ತಾಸಿಗೊಂದು ಮನೆ ಮಾಡಿಟ್ಟಿದ್ದೇನೆ, ಎತ್ತಿನ ಗಾಡಿಗೂ ಒಂದು ಕಾಲಂ ಇದೆ. ಹೈಸ್ಕೂಲಿನ ಮಕ್ಕಳು ಪಾಳಿ ಮೇಲೆ ಕೂರಲು ಒಪ್ಪಿದ್ದಾರೆ. ರಾತ್ರಿ ಪಾಳಿ ದೊಡ್ಡವರದು. ಜೋಳದ ಕಟಾವು ಶುರುವಾದ ಮೊದಲ ವಾರ ಹಿಡಿದು ಏಳು ದಿನ, ಇಪ್ಪತ್ನಾಲ್ಕು ತಾಸೂ ಎಣಿಸ್ತೇವೆ. ರಸ್ತೆ ಅಂಚಿನ ಬೇರೆ ಊರಿನವರೂ ಅದೇ ವಾರ ಎಣಿಸಿದರೆ ಲೆಕ್ಕ ಒಟ್ಟು ಮಾಡಬಹುದು. ಹಾಳೆಯ ನಮೂನೆ ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಕಾರ್ಡು ಹಾಕಿ.